ನಮ್ಮಜ್ಜಿ ಗೆದ್ದಳೇ? – ಅಕ್ಕಿಯ ಕಸುವಿನ ಕಥೆ



ಮೇಷ್ಟ್ರಾದವನು ತರಗತಿಯಲ್ಲಿ ಆಡಿದ ಮಾತು ಗಂಟೆ ಬಾರಿಸಿದೊಡನೆ ಮುಗಿದುಹೋಗುವುದಿಲ್ಲ. ಅದು ಯಾವುದೋ ಹುಡುಗನ ಮನಸ್ಸಿನಲ್ಲಿ ಐವತ್ತು ವರ್ಷ ಕುಳಿತಿದ್ದು ಒಂದು ದಿನ ಎದ್ದು ಬಂದು ನಮ್ಮನ್ನೇ ಪ್ರಶ್ನಿಸುತ್ತದೆ. ಅಂಥ ಒಂದು ಮಾತಿನ ಲೆಕ್ಕವನ್ನು ಇಂದು ನಿಮ್ಮೆದುರು ಒಪ್ಪಿಸಬೇಕಾಗಿದೆ.

ಅದು 1974ನೆಯ ಇಸವಿ. ಮಂಡ್ಯ ಜಿಲ್ಲೆಯ ನಾಲೆಬಯಲಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಒಂಬತ್ತನೆಯ ತರಗತಿಗೆ ರಸಗೊಬ್ಬರಗಳ ಪಾಠ ಮಾಡುತ್ತಿದ್ದೆ. ಸಾರಜನಕ, ರಂಜಕ, ಪೊಟ್ಯಾಷ್ ಎಂದು ಕರಿಹಲಗೆಯ ಮೇಲೆ ಬರೆದು ತಿರುಗಿದಾಗ ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ನಮ್ಮಜ್ಜಿ ಹೇಳ್ತದೆ, ಸೀಮೆ ಗೊಬ್ಬರದ ಅನ್ನ ಹೊಟ್ಟೆ ತುಂಬ್ತದಂತೆ, ರಟ್ಟೆಗೆ ಬರಾಕಿಲ್ವಂತೆ" ಎಂದ. ನಾನು ನಕ್ಕುಬಿಟ್ಟೆ. "ವಿಜ್ಞಾನ ಅಂದರೆ ಅಳತೆಯ ಮಾತು ಕಣಯ್ಯ. ನಿಮ್ಮಜ್ಜಿ ಏನು ತಕ್ಕಡಿ ಇಟ್ಟುಕೊಂಡು ಅಳೆದಿದ್ದಾಳೆಯೇ?" ಎಂದು ಕೇಳಿದೆ. ತರಗತಿಯೆಲ್ಲ ನಕ್ಕಿತು. ಹುಡುಗ ತಲೆ ತಗ್ಗಿಸಿ ಕುಳಿತ.

ಆ ಹುಡುಗ ಈಗ ಮೊಮ್ಮಕ್ಕಳನ್ನು ಕಂಡವನು. ಊರಿನಲ್ಲಿಯೇ ಬೇಸಾಯ ಮಾಡಿಕೊಂಡಿದ್ದಾನೆ. ಎರಡು ವರ್ಷಗಳ ಹಿಂದೆ ಒಂದು ಸಂಜೆ ದೂರವಾಣಿಯಲ್ಲಿ ಮಾತನಾಡುತ್ತ, ಹೊಸ ಭತ್ತದ ತಳಿಗಳಲ್ಲಿ ಕಬ್ಬಿಣವೂ ಸತುವೂ ಕಡಿಮೆಯಾಗಿವೆಯೆಂದು ವಿಜ್ಞಾನಿಗಳು ಅಳೆದು ತೋರಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆನೆಂದು ಹೇಳಿದ. ಸ್ವಲ್ಪ ತಡೆದು, "ಸಾರ್, ಹಂಗಾದ್ರೆ ನಮ್ಮಜ್ಜಿ ಗೆದ್ಲು ಅಲ್ವೇ?" ಎಂದು ಕೇಳಿದ. ಅವನ ಧ್ವನಿಯಲ್ಲಿ ಕುಹಕವಿರಲಿಲ್ಲ. ಆದರೂ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಸಿಕ್ಕಷ್ಟು ಓದಿದೆ. ಓದಿದ್ದನ್ನು ಅವನಿಗೂ, ಅಂದು ನಕ್ಕವರಿಗೂ ಹೇಳುವುದಕ್ಕಾಗಿ ಈ ಲೇಖನ.

ಮೊದಲು ಅಳೆದದ್ದು ಕೋಳಿಗಳ ಕಾಲಿನಲ್ಲಿ

ಅಕ್ಕಿಯಲ್ಲಿ ಹೊಟ್ಟೆ ತುಂಬಿಸುವ ಪಿಷ್ಟವಲ್ಲದೆ ಬೇರೇನೋ ಇದೆ, ಅದು ಕಳೆದುಹೋಗಬಲ್ಲದು ಎಂಬ ಸಂಗತಿ ವಿಜ್ಞಾನಕ್ಕೆ ಗೊತ್ತಾದದ್ದು ಹೊಲದಿಂದಲ್ಲ, ಆಸ್ಪತ್ರೆಯಿಂದ. 1890ರ ದಶಕದಲ್ಲಿ ಡಚ್ಚರ ಆಳ್ವಿಕೆಯಲ್ಲಿದ್ದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಕ್ರಿಶ್ಚಿಯಾನ್ ಐಕ್‌ಮನ್ ಎಂಬ ವೈದ್ಯನು ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದ. ಆ ರೋಗದಲ್ಲಿ ಕಾಲುಗಳ ಶಕ್ತಿ ಉಡುಗುತ್ತದೆ, ಹೃದಯ ಸೋಲುತ್ತದೆ. ಅವನ ಪ್ರಯೋಗಶಾಲೆಯ ಕೋಳಿಗಳಿಗೂ ಅಂಥದೇ ಕಾಯಿಲೆ ಬಂದು, ಕೆಲವು ತಿಂಗಳ ಮೇಲೆ ತಾನಾಗಿಯೇ ವಾಸಿಯಾಯಿತು. ವಿಚಾರಿಸಿದಾಗ, ಕೋಳಿಗಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅಕ್ಕಿಯ ಅನ್ನವನ್ನು ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅಕ್ಕಿಯನ್ನು ಕೋಳಿಗಳಿಗೆ ಕೊಡಲೊಪ್ಪದ್ದರಿಂದ ಅವು ಮತ್ತೆ ತೌಡಿರುವ ಅಕ್ಕಿಯನ್ನು ತಿನ್ನತೊಡಗಿದವೆಂದೂ ತಿಳಿಯಿತು. ಬಿಳಿ ಅಕ್ಕಿಯಲ್ಲಿ ವಿಷವಿದೆಯೆಂದು ಐಕ್‌ಮನ್ ಭಾವಿಸಿದ್ದ. ವಿಷವಿರುವುದಲ್ಲ, ಬೇಕಾದದ್ದೊಂದು ಇಲ್ಲದಿರುವುದು ಎಂದು 1901ರಲ್ಲಿ ಅವನ ಉತ್ತರಾಧಿಕಾರಿ ಗೆರಿಟ್ ಗ್ರಿಯ್ನ್ಸ್ ಸರಿಯಾಗಿ ವಿವರಿಸಿದ. ಆ ವಸ್ತುವೇ ಮುಂದೆ ಬಿ1 ಜೀವಸತ್ವ, ಅಂದರೆ ಥಯಾಮಿನ್ ಎನ್ನಿಸಿಕೊಂಡಿತು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ನಮ್ಮ ದೇಶದಲ್ಲಿ ಈ ಶೋಧನೆ ಮುಂದುವರಿದದ್ದು ನಮಗೆ ಬಹು ಸಮೀಪದಲ್ಲಿ. ಮೈಸೂರಿನಿಂದ ಬಂಡೀಪುರದ ಕಾಡು ದಾಟಿ ನೀಲಗಿರಿ ಹತ್ತಿದರೆ ಸಿಗುವ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯಾಧಿಕಾರಿಯು ಆಹಾರದ ಕೊರತೆಯಿಂದ ಬರುವ ರೋಗಗಳ ಅಧ್ಯಯನ ಆರಂಭಿಸಿದ. ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲ ಅದೇ. ಅಕ್ಕಿಗೂ ಬೆರಿಬೆರಿಗೂ ಇರುವ ಸಂಬಂಧವನ್ನು ಕುರಿತು ಮೆಕ್ಯಾರಿಸನ್ ಮತ್ತು ನಾರಿಸ್ 1924ರಲ್ಲಿ ವರದಿ ಬರೆದರು. ಅಲ್ಲಿಯೇ 1940ರಲ್ಲಿ ಐಕ್ರಾಯ್ಡ್ ಮತ್ತು ಅವರ ಸಂಗಡಿಗರು ಭಾರತದ ಅಕ್ಕಿಯ ಸಮಸ್ಯೆಯನ್ನು ವಿವರವಾಗಿ ಪರಿಶೀಲಿಸಿದರು. ಬೆರಿಬೆರಿಯ ಕಾಟವಿದ್ದದ್ದು ಮುಖ್ಯವಾಗಿ ಆಂಧ್ರದ ಉತ್ತರ ಕರಾವಳಿಯಲ್ಲಿ. ಅಲ್ಲಿಯವರು ಮಿಲ್ಲಿನಲ್ಲಿ ಬಿಳುಪು ಮಾಡಿದ ಹಸಿ ಅಕ್ಕಿ ಉಣ್ಣುತ್ತಿದ್ದರು. ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಕುಟ್ಟುವ ಸೀಮೆಗಳಲ್ಲಿ ರೋಗವಿರಲಿಲ್ಲ. ನಮ್ಮ ಕರಾವಳಿಯವರು ಕುಚ್ಚಲಕ್ಕಿ ಎನ್ನುವ, ಪುಸ್ತಕಗಳಲ್ಲಿ ಕುಸುಬಲಕ್ಕಿ ಎಂದು ಬರೆಯುವ ಅಕ್ಕಿ ಇದೇ. ಭತ್ತವನ್ನು ಸಿಪ್ಪೆಸಹಿತ ಬೇಯಿಸಿದಾಗ ತೌಡಿನಲ್ಲಿರುವ ಜೀವಸತ್ವವು ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲು ಎಷ್ಟೇ ಉಜ್ಜಿದರೂ ಅದು ಪೂರ್ತಿ ಹೋಗುವುದಿಲ್ಲ.

ಹಸಿ ಅಕ್ಕಿಯನ್ನು ಚೆನ್ನಾಗಿ ಪಾಲಿಶ್ ಮಾಡಿದರೆ ಥಯಾಮಿನ್‌ನ ಮುಕ್ಕಾಲು ಪಾಲಿಗಿಂತ ಹೆಚ್ಚು ತೌಡಿನೊಡನೆ ಹೊರಟುಹೋಗುತ್ತದೆ. ಕಬ್ಬಿಣದ ಬಹುಭಾಗವೂ ಹೋಗುತ್ತದೆ. ಸತುವು ಕಾಳಿನ ಒಳಗೂ ಹರಡಿರುವುದರಿಂದ ಅಷ್ಟು ನಷ್ಟವಾಗುವುದಿಲ್ಲ. ಇದರಲ್ಲಿ ಗೊಬ್ಬರದ ಪಾತ್ರವೇನೂ ಇಲ್ಲ ಎಂಬುದನ್ನು ಗಮನಿಸಿ. ತಿಪ್ಪೆ ಗೊಬ್ಬರದಲ್ಲಿ ಬೆಳೆದ ಭತ್ತವನ್ನೂ ಹೀಗೆ ಉಜ್ಜಿದರೆ ಇದೇ ಗತಿ.

ಗೊಬ್ಬರದ ಮೇಲಿನ ಮೊದಲ ಆರೋಪ

ಅಜ್ಜಿಯ ಆರೋಪ ಗೊಬ್ಬರದ ಮೇಲೆ. ಅದನ್ನು ಪ್ರಯೋಗಕ್ಕೊಡ್ಡಿದವನೂ ಮೆಕ್ಯಾರಿಸನ್ನನೇ. 1926ರಲ್ಲಿ ಅವನು ಬೇರೆ ಬೇರೆ ಗೊಬ್ಬರ ಹಾಕಿದ ತಾಕುಗಳಲ್ಲಿ ಬೆಳೆದ ಕಿರುಧಾನ್ಯ ಮತ್ತು ಗೋಧಿಯನ್ನು ಪ್ರಾಣಿಗಳಿಗೆ ತಿನ್ನಿಸಿ ನೋಡಿ, ಕೊಟ್ಟಿಗೆ ಗೊಬ್ಬರದ ಕಾಳಿನಲ್ಲಿ ಪೋಷಕ ಶಕ್ತಿ ಹೆಚ್ಚೆಂದು ಪ್ರಕಟಿಸಿದ. ಇಂದೂರಿನಲ್ಲಿ ಕಾಂಪೋಸ್ಟ್ ವಿಧಾನವನ್ನು ರೂಪಿಸಿದ ಆಲ್ಬರ್ಟ್ ಹೋವರ್ಡರಂಥವರಿಗೆ ಇದು ದೊಡ್ಡ ಆಧಾರವಾಯಿತು. ಸಾವಯವ ಕೃಷಿಯ ವಾದದ ಬೇರುಗಳಲ್ಲಿ ಒಂದು ಹೀಗೆ ನಮ್ಮ ನೀಲಗಿರಿಯಲ್ಲಿದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ದೀರ್ಘಕಾಲದ ಗೊಬ್ಬರ ಪ್ರಯೋಗದ ತಾಕುಗಳ ಗೋಧಿಯನ್ನು ಪರೀಕ್ಷಿಸಿದಾಗ, ಕೊಟ್ಟಿಗೆ ಗೊಬ್ಬರದ ಕಾಳಿಗೂ ರಸಗೊಬ್ಬರದ ಕಾಳಿಗೂ ಬಿ1 ಜೀವಸತ್ವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದೇ ಪ್ರಶ್ನೆಗೆ ಎರಡು ಉತ್ತರ ಬಂದಾಗ ಮತ್ತೆ ಮತ್ತೆ ಅಳೆಯಬೇಕಾಗುತ್ತದೆ. ಇಷ್ಟೊಂದು ಚರ್ಚೆ ನಡೆದಿದೆಯೆಂಬುದೇ 1974ರಲ್ಲಿ ನನಗೆ ತಿಳಿದಿರಲಿಲ್ಲ. ಅಜ್ಜಿ ಅಳೆದಿರಲಿಲ್ಲ, ನಿಜ. ಆದರೆ ಅಳೆದವರು ಏನು ಹೇಳಿದ್ದರೆಂದು ನಾನೂ ಓದಿರಲಿಲ್ಲ.

ಅಕ್ಕಿಯ ಮಟ್ಟಿಗೆ ಹೇಳುವುದಾದರೆ, ಯೂರಿಯಾದಲ್ಲಿರುವ ಸಾರಜನಕವು ಕಾಳಿನ ಪ್ರೋಟೀನನ್ನು ಇಳಿಸುವುದಿಲ್ಲ, ಏರಿಸುತ್ತದೆ. ಪ್ರೋಟೀನಿನ ಮೂಲವಸ್ತುವೇ ಸಾರಜನಕ. ತೆನೆ ಕಟ್ಟುವ ಹಂತದಲ್ಲಿ ಅದು ಗಿಡಕ್ಕೆ ಸಿಕ್ಕರೆ ಒಳ್ಳೆಯ ಪಾಲು ಕಾಳಿಗೆ ಹೋಗಿ ಪ್ರೋಟೀನಾಗಿ ಕೂಡಿಕೊಳ್ಳುತ್ತದೆ. ಬಿಳಿ ಅಕ್ಕಿಯಲ್ಲಿ ಪ್ರೋಟೀನ್ ಸುಮಾರು ಶೇಕಡಾ 7. ಒಂದೇ ತಳಿಯಲ್ಲಿಯೂ ನೆಲ, ಗೊಬ್ಬರ, ಹವೆಗಳಿಗನುಸಾರವಾಗಿ ಇದು ಸಾಕಷ್ಟು ಏರಿಳಿಯುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಹೆಚ್ಚು ಪ್ರೋಟೀನಿನ ತಳಿಗಾಗಿ ಬಹುಕಾಲ ನಡೆದ ಪ್ರಯತ್ನಗಳಿಗೆ ಈ ಏರಿಳಿತವೇ ದೊಡ್ಡ ತೊಡಕಾಯಿತು. ಪ್ರೋಟೀನಿನ ವಿಷಯದಲ್ಲಿ ಸೀಮೆ ಗೊಬ್ಬರ ನಿರಪರಾಧಿ.

ಸತುವಿನ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಕೊಟ್ಟಿಗೆ ಗೊಬ್ಬರ ಹಾಕುವಾಗ ನಮ್ಮ ಹಿರಿಯರು ಅರಿಯದೆಯೇ ಎಲ್ಲ ಖನಿಜಗಳನ್ನೂ ಅಷ್ಟಷ್ಟು ಹಿಂದಿರುಗಿಸುತ್ತಿದ್ದರು. ಮೂಟೆಯ ಗೊಬ್ಬರ ಹಿಂದಿರುಗಿಸುವುದು ಮೂರನ್ನು ಮಾತ್ರ. ವರ್ಷಕ್ಕೆರಡು ಬೆಳೆ, ಪ್ರತಿ ಬೆಳೆಯಲ್ಲೂ ಹೆಚ್ಚು ಭತ್ತ ತೆಗೆದರೆ ನೆಲದ ಸತು ಬರಿದಾಗುತ್ತದೆ. ಸದಾ ನೀರು ನಿಂತ ಗದ್ದೆಯಲ್ಲಿ ಇರುವ ಸತುವೂ ಗಿಡಕ್ಕೆ ದಕ್ಕುವುದು ಕಷ್ಟ. ರಂಜಕ ಅತಿಯಾದರೆ ಅದು ಇನ್ನೂ ಕಡಿಮೆಯಾಗುತ್ತದೆ. ಜೊತೆಗೆ ಕಾಳಿನಲ್ಲಿ ಫೈಟಿಕ್ ಆಮ್ಲ ಹೆಚ್ಚಿ, ಇದ್ದ ಕಬ್ಬಿಣ-ಸತುಗಳನ್ನೂ ನಮ್ಮ ಕರುಳು ಹೀರದಂತೆ ಹಿಡಿದಿಡುತ್ತದೆ. ಹಿಮಾಲಯದ ತಪ್ಪಲಿನ ಪಂತನಗರದಲ್ಲಿ ಭತ್ತದ ಎಲೆಗಳು ಕಾಚಿನ ಬಣ್ಣಕ್ಕೆ ತಿರುಗಿ ಬೆಳೆ ಕುಗ್ಗುವ 'ಖೈರಾ' ಎಂಬ ಬಾಧೆ ಕಾಣಿಸಿತು. ಇದು ಯಾವ ಕೀಟದ್ದೂ ಅಲ್ಲ, ಸತುವಿನ ಕೊರತೆ ಎಂದು ವೈ. ಎಲ್. ನೆನೆ ಅವರು 1966ರಲ್ಲಿ ತೋರಿಸಿಕೊಟ್ಟರು. ಜಿಂಕ್ ಸಲ್ಫೇಟನ್ನು ಸುಣ್ಣದೊಡನೆ ಸಿಂಪಡಿಸಿದಾಗ ಬೆಳೆ ಚೇತರಿಸಿಕೊಂಡಿತು. ಅಂದಿನಿಂದ ನಮ್ಮ ರೈತರ ಬಾಯಲ್ಲಿ 'ಜಿಂಕ್' ಎಂಬ ಮಾತು ನೆಲೆಸಿತು.

ಮೂಟೆಯ ಜೊತೆಯಲ್ಲಿಯೇ ಬಂದ ಬೀಜ

ಇನ್ನು ಬೀಜದ ವಿಷಯ. ಕನ್ನಂಬಾಡಿಯ ವಿದ್ಯುತ್ತಿನ ಬಲದಿಂದ 1930ರ ದಶಕದ ಕೊನೆಯ ಹೊತ್ತಿಗೆ ಪಕ್ಕದ ಬೆಳಗೊಳದಲ್ಲಿಯೇ ಅಮೋನಿಯಂ ಸಲ್ಫೇಟ್ ತಯಾರಿಸುವ ಕಾರ್ಖಾನೆ ಏರ್ಪಟ್ಟಿತ್ತು. ಆದರೂ ನಮ್ಮ ಊರುಗಳಲ್ಲಿ ಅದನ್ನು ಧಾರಾಳವಾಗಿ ಬಳಸುವಂತಿರಲಿಲ್ಲ. ಆಳೆತ್ತರದ ಹಳೆಯ ಭತ್ತಕ್ಕೆ ಗೊಬ್ಬರ ಹೆಚ್ಚಾದರೆ ಗಿಡ ಇನ್ನೂ ಎತ್ತರವಾಗಿ, ತೆನೆಯ ಭಾರಕ್ಕೆ ಕೆಸರಿನಲ್ಲಿ ಮಲಗಿಬಿಡುತ್ತಿತ್ತು. ಗೊಬ್ಬರವನ್ನು ತಡೆದುಕೊಳ್ಳಬಲ್ಲ ಗಿಡ್ಡ ಗಿಡ ಬೇಕಾಗಿತ್ತು.

ಅದು ಸಿಕ್ಕಿದ್ದು ತೈವಾನಿನ ಡೀ-ಜಿಯೋ-ವೂ-ಜೆನ್ ಎಂಬ ಕುಳ್ಳ ಭತ್ತದಲ್ಲಿ. ಅದನ್ನು ಇಂಡೊನೇಷ್ಯಾದ ಎತ್ತರದ ತಳಿ 'ಪೇಟ'ದೊಡನೆ ಸಂಕರಿಸಿ ಫಿಲಿಪ್ಪೀನ್ಸಿನ ಸಂಸ್ಥೆಯು 1966ರಲ್ಲಿ ಐಆರ್-8 ಎಂಬ ತಳಿಯನ್ನು ಬಿಡುಗಡೆ ಮಾಡಿತು. 1968ರಲ್ಲಿ ಹೈದರಾಬಾದಿನಿಂದ ನಮ್ಮದೇ 'ಜಯ' ಬಂತು. ಕುಳ್ಳತನಕ್ಕೆ ಕಾರಣವಾದ ವಂಶವಾಹಿಯನ್ನು 2002ರಲ್ಲಿ ಗುರುತಿಸಿದರು. ಗಿಡವನ್ನು ನೀಳವಾಗಿ ಬೆಳೆಸುವ ಜಿಬ್ಬರೆಲಿನ್ ಎಂಬ ಚೋದಕದ ತಯಾರಿಕೆಯಲ್ಲಿ ಒಂದು ಹೆಜ್ಜೆಯನ್ನು ಅದು ಕುಂಠಿತಗೊಳಿಸುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದ ಹುಲ್ಲಿಗೆ ಹೋಗುತ್ತಿದ್ದ ಶಕ್ತಿ ಕಾಳಿಗೆ ತಿರುಗಿತು.

ಅಂದಿನ ದಿನಗಳನ್ನು ಕಂಡಿರದವರಿಗೆ ಒಂದು ಮಾತು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡಾಗ ನಮ್ಮ ಮನೆಯಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ. ಅಮೆರಿಕದ ಗೋಧಿಯ ಹಡಗು ಯಾವಾಗ ಬಂದೀತೆಂದು ದೇಶವೇ ಕಾದಿತ್ತು. ಅಂಥ ಹೊತ್ತಿನಲ್ಲಿ ಗದ್ದೆಗೆ ಬಂದ ಗಿಡ್ಡ ಭತ್ತ ನಮಗೆ ದೇವರು ಕೊಟ್ಟ ವರದಂತೆ ಕಂಡಿತು. ಮೊದಲ ಸಲ ಜಯದ ಭತ್ತ ಕಣದಲ್ಲಿ ರಾಶಿಯಾದಾಗ ನನ್ನ ತಂದೆಯವರು ಎರಡು ಬಾರಿ ಅಳೆಸಿದ್ದನ್ನು ನಾನು ಮರೆತಿಲ್ಲ. ಹೊಸ ತಳಿಗಳನ್ನು ನಾನು ತರಗತಿಯಲ್ಲಿ ಹೊಗಳಿದ್ದಕ್ಕೆ ಇಂದಿಗೂ ನನಗೆ ನಾಚಿಕೆಯಿಲ್ಲ. ಹಸಿದವನಿಗೆ ಮೊದಲು ಬೇಕಾದದ್ದು ಅನ್ನ.

ಆದರೆ ತಳಿ ತಯಾರಿಸುವವರು ಆಯ್ಕೆ ಮಾಡುವಾಗ ಇಳುವರಿ, ಅವಧಿ, ರೋಗನಿರೋಧ, ಅಕ್ಕಿಯ ನೋಟ ಇವುಗಳನ್ನು ಬರೆದುಕೊಂಡರು. ಸತು, ಕಬ್ಬಿಣಗಳಿಗೆ ಆ ಪಟ್ಟಿಯಲ್ಲಿ ಮನೆಯೇ ಇರಲಿಲ್ಲ. ಪರಿಣಾಮವೇನಾಯಿತೆಂಬುದನ್ನು ಪಶ್ಚಿಮ ಬಂಗಾಳದ ಬಿಧಾನಚಂದ್ರ ಕೃಷಿ ವಿಶ್ವವಿದ್ಯಾಲಯದ ಮತ್ತು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಬೇರೆ ಬೇರೆ ದಶಕಗಳ ಹೆಸರಾಂತ ತಳಿಗಳ ಬೀಜಗಳನ್ನು ಸಂಗ್ರಹಿಸಿ, ಕುಂಡಗಳಲ್ಲಿ ಒಂದೇ ಬಗೆಯ ಮಣ್ಣಿನಲ್ಲಿ ಬೆಳೆದು ಕಾಳುಗಳನ್ನು ಪರೀಕ್ಷಿಸಿದರು. 1960ರ ದಶಕದ ಭತ್ತದ ತಳಿಗಳಲ್ಲಿ ಕಿಲೋಗ್ರಾಂ ಕಾಳಿಗೆ 27.1 ಮಿಲಿಗ್ರಾಂ ಸತು, 59.8 ಮಿಲಿಗ್ರಾಂ ಕಬ್ಬಿಣವಿತ್ತು. 2000ದ ದಶಕದ ತಳಿಗಳಲ್ಲಿ ಅವು 20.6ಕ್ಕೂ 43.1ಕ್ಕೂ ಇಳಿದಿದ್ದವು. ಗೋಧಿಯದೂ ಇದೇ ಕಥೆ. ಇದೇ ತಂಡದ ಮುಂದಿನ ವರದಿ 2023ರಲ್ಲಿ ಬಂತು. ನನ್ನ ಶಿಷ್ಯ ಪತ್ರಿಕೆಯಲ್ಲಿ ಓದಿದ್ದು ಅದನ್ನೇ.

ಮಣ್ಣು ಒಂದೇ ಆಗಿದ್ದುದರಿಂದ ಈ ಇಳಿಕೆಯನ್ನು ನೆಲದ ಮೇಲೆ ಹೊರಿಸುವಂತಿಲ್ಲ. ಅದು ಬೀಜದೊಳಗಿನದು. ಕಾಳಿನ ರಾಶಿ ಹೆಚ್ಚಿದಷ್ಟು ವೇಗದಲ್ಲಿ ಬೇರು ಖನಿಜಗಳನ್ನು ಎತ್ತಿ ಕಾಳಿಗೆ ಮುಟ್ಟಿಸಲಿಲ್ಲ. ನೆಂಟರು ಹೆಚ್ಚಾದಾಗ ಸಾರಿಗೆ ನೀರು ಬೆರೆಸಿದಂತೆ ಎಂದರೆ ನಿಮಗೆ ಅರ್ಥವಾದೀತು. ಹಾಗೆಂದು ಹಳೆಯ ನಾಟಿ ಭತ್ತಗಳೆಲ್ಲ ಖನಿಜಗಳ ಗಣಿಯೆಂದು ತಿಳಿಯಬಾರದು. ಅವುಗಳಲ್ಲಿಯೂ ಹೆಚ್ಚಿರುವವು, ಕಡಿಮೆಯಿರುವವು ಎರಡೂ ಇವೆ. ಆ ವೈವಿಧ್ಯವೇ ಅವುಗಳ ನಿಜವಾದ ಬೆಲೆ. ನಮ್ಮ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಬೆಳೆದು ಉಳಿಸಿಕೊಂಡು ಬಂದಿರುವ ಕೆಲಸ ಆದುದರಿಂದಲೇ ದೊಡ್ಡದು. ನಾಳೆ ತಳಿ ತಯಾರಿಸುವವನು ಕಳೆದುಹೋದ ಗುಣವನ್ನು ಹುಡುಕಿಕೊಂಡು ಬರಬೇಕಾದದ್ದು ಅಂಥ ಕಣಜಗಳಿಗೇ.

ಒಂದೇ ಗಾಡಿಯಲ್ಲಿ ಬಂದ ಮೂವರು

ಇಷ್ಟನ್ನು ಓದಿದ ಮೇಲೆ ನನಗೆ ನಮ್ಮ ಊರಿನ ಆ ಕಾಲದ ಚಿತ್ರ ಬೇರೆಯಾಗಿ ಕಾಣತೊಡಗಿತು. ಗೊಬ್ಬರದ ಮೂಟೆ ಮತ್ತು ಗಿಡ್ಡ ಬೀಜ ನಮ್ಮೂರಿಗೆ ಕಾಲಿಟ್ಟದ್ದು ಹೆಚ್ಚುಕಡಿಮೆ ಒಟ್ಟಿಗೆ. ಅದೇ ವರ್ಷಗಳಲ್ಲಿ ಊರಬಾಗಿಲಿನ ಬಳಿ ಅಕ್ಕಿ ಗಿರಣಿಯೂ ಬಂತು. ಒನಕೆಗಳು ಅಟ್ಟ ಸೇರಿದವು. ಹೆಂಗಸರ ತೋಳುಗಳಿಗೆ ಬಿಡುವು ದೊರೆಯಿತು. ಒನಕೆ ಹಿಡಿದ ನನ್ನ ತಾಯಿಯ ಅಂಗೈ ನೋಡಿದ್ದ ನಾನು ಅದನ್ನು ಹಳಿಯಲಾರೆ. ಆದರೆ ತೌಡು ಎಮ್ಮೆಯ ಬಾನಿಗೆ ಹೋಗಿ, ಮಲ್ಲಿಗೆಯಂಥ ಅನ್ನ ತಟ್ಟೆಗೆ ಬಂತು.

ಅಜ್ಜಿ ಕಂಡದ್ದು ತಟ್ಟೆಯಲ್ಲಿನ ಅನ್ನವನ್ನು. ಮೊದಲಿನಂತಿಲ್ಲವೆಂದು ಅವಳ ದೇಹಕ್ಕೆ ತಿಳಿಯಿತು. ಯಾರ ತಪ್ಪೆಂದು ನೋಡಿದಾಗ ಕಣ್ಣಿಗೆ ಎದ್ದು ಕಂಡದ್ದು ಬಿಳಿಯ ಹರಳಿನ ಸೀಮೆ ಗೊಬ್ಬರ. ಹೀಗಾಗಿ ಮೂವರ ತಪ್ಪು ಒಬ್ಬನ ಮೇಲೆ ಬಿತ್ತು. ಲೆಕ್ಕ ಹಾಕಿದರೆ ಹೆಚ್ಚು ಕಳೆದವನು ಗಿರಣಿ. ಆಮೇಲಿನವನು ಇಳುವರಿಯೊಂದನ್ನೇ ನೋಡಿ ಆಯ್ದ ಬೀಜ. ಗೊಬ್ಬರದ ತಪ್ಪು, ಹಾಕಿದ್ದರಲ್ಲಿ ಇದ್ದುದಕ್ಕಿಂತ ಹಾಕದೆ ಬಿಟ್ಟದ್ದರಲ್ಲಿದೆ.

ಈಗ ತಳಿ ತಯಾರಿಸುವವರ ಪಟ್ಟಿಗೆ ಹೊಸ ಮನೆಗಳು ಸೇರಿವೆ. ಕಟಕದ ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ 'ಸಿಆರ್ ಧಾನ್ 310' ತಳಿಯಲ್ಲಿ ಪ್ರೋಟೀನ್ ಶೇಕಡಾ 10.3. ಹೈದರಾಬಾದಿನ 'ಡಿಆರ್‌ಆರ್ ಧಾನ್ 45' ತಳಿಯ ಪಾಲಿಶ್ ಮಾಡಿದ ಅಕ್ಕಿಯಲ್ಲಿಯೂ ಸತು 22.6 ಪಿಪಿಎಂ ಇದೆ. ಬಳಕೆಯಲ್ಲಿರುವ ಸಾಮಾನ್ಯ ತಳಿಗಳಲ್ಲಿ ಅದು 12ರಿಂದ 16ರಷ್ಟು. ಎರಡೂ 2016ರಲ್ಲಿ ಬಿಡುಗಡೆಯಾದವು. ಎರಡನೆಯದನ್ನು ಕರ್ನಾಟಕಕ್ಕೂ ಶಿಫಾರಸು ಮಾಡಿದ್ದಾರೆ. ಇಳುವರಿಯನ್ನು ಬಿಟ್ಟುಕೊಡದೆಯೇ ಸತ್ವವನ್ನು ಮರಳಿ ತರಬಹುದೆಂಬ ಆಸೆಗೆ ಇವು ಆಧಾರ. ಇನ್ನೊಂದೆಡೆ, 2024ರ ಮಾರ್ಚ್ ವೇಳೆಗೆ ಪಡಿತರದ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ತಯಾರಿಸಿದ ಕಾಳುಗಳನ್ನು ಸೇರಿಸುವ ಕೆಲಸ ದೇಶದಾದ್ಯಂತ ಹರಡಿತ್ತು. ಬೇರೆಯಾಗಿ ಕಾಣುವ ಆ ಕಾಳುಗಳನ್ನು ನಮ್ಮ ಕಡೆ ಹಲವರು ಪ್ಲಾಸ್ಟಿಕ್ ಅಕ್ಕಿಯೆಂದು ಹೆದರಿ ಆರಿಸಿ ಎಸೆದರು. ಗಿರಣಿಯಲ್ಲಿ ತೆಗೆದುಹಾಕಿ, ಕಾರ್ಖಾನೆಯಲ್ಲಿ ಬೆರೆಸಿ, ಮನೆಯಲ್ಲಿ ಆರಿಸಿ ಬಿಸಾಡುವ ಈ ಪರಿಯನ್ನು ಕಂಡರೆ ಅಜ್ಜಿ ಏನೆನ್ನುತ್ತಿದ್ದಳೋ!

ಕಳೆದ ಯುಗಾದಿಯಂದು ಆ ಶಿಷ್ಯನಿಗೆ ನಾನೇ ದೂರವಾಣಿ ಮಾಡಿದೆ. "ನಿಮ್ಮಜ್ಜಿ ಮುಕ್ಕಾಲು ಪಾಲು ಗೆದ್ದಳು ಕಣಯ್ಯ. ಕಳ್ಳತನವಾಗಿದೆ ಎಂದದ್ದು ನಿಜ, ಕಳ್ಳನ ಹೆಸರು ಮಾತ್ರ ಪೂರ್ತಿ ಸರಿಯಲ್ಲ. ಅಂದು ನಾನು ನಗಬಾರದಾಗಿತ್ತು, ಅಳೆದು ನೋಡೋಣ ಬಾ ಎನ್ನಬೇಕಾಗಿತ್ತು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಯ್ಯೋ ಬಿಡಿ ಸಾರ್, ಅಜ್ಜಿಗೆ ಹೇಳಿದ್ರೆ ಅದೇ ನಗಾಡೋದು" ಎಂದು ಮಾತು ಬದಲಿಸಿದ. ಗದ್ದೆಯ ಮಣ್ಣು ಪರೀಕ್ಷೆ ಮಾಡಿಸಿದ್ದಾಗಿಯೂ, ಸತುವಿನ ಕೊರತೆಯೆಂದು ವರದಿ ಬಂದದ್ದಾಗಿಯೂ ತಿಳಿಸಿದ. ನೆಲಕ್ಕೆ ಹಾಕುವ ಜಿಂಕ್ ಇಳುವರಿಯನ್ನು ಕಾಯುತ್ತದೆ, ಕಾಳಿಗೆ ಸತು ಸೇರಬೇಕಾದರೆ ಹೂವಾದ ಮೇಲೆ ಎಲೆಗೆ ಸಿಂಪಡಿಸುವುದು ಹೆಚ್ಚು ಫಲಕಾರಿಯೆಂದು ನಾನು ಓದಿದ್ದನ್ನು ಹೇಳಿದೆ. ಬರೆದುಕೊಂಡ. ಗಿರಣಿಯವನಿಗೆ ಕಡಿಮೆ ಪಾಲಿಶ್ ಮಾಡಲು ಹೇಳು ಎಂದೆ. "ಮನೇಲಿ ಮೊಮ್ಮಕ್ಕಳು ಒಪ್ಪಾಕಿಲ್ಲ ಸಾರ್, ಅನ್ನ ಬೆಳ್ಳಗಿಲ್ಲ ಅಂತವೆ" ಎಂದ. ಆ ಪಾಠವನ್ನು ಈ ಸಲ ನೀನೇ ಮಾಡಬೇಕು ಎಂದೆ.

ಅಂದು ನನ್ನೊಡನೆ ನಕ್ಕವರು ಈ ಪುಟವನ್ನು ಓದುತ್ತಿದ್ದರೆ, 1974ರ ಆ ಪಾಠಕ್ಕೆ ಇದನ್ನು ತಿದ್ದುಪಡಿಯಾಗಿ ಸೇರಿಸಿಕೊಳ್ಳಬೇಕಾಗಿ ಕೋರುತ್ತೇನೆ. ನಿಮ್ಮ ಮನೆಯ ಹಿರಿಯರು ಅಕ್ಕಿಯನ್ನು ಕುರಿತು ಏನು ಹೇಳುತ್ತಿದ್ದರೆಂಬುದನ್ನು ಬರೆದು ತಿಳಿಸಿದರೆ ಸಂತೋಷವಾಗುತ್ತದೆ. ನಗುವುದಿಲ್ಲವೆಂದು ಮಾತು ಕೊಡುತ್ತೇನೆ.

ಎಲ್ಲರಿಗೂ ಶುಭವಾಗಲಿ.

– ನಿಮ್ಮ ಮೇಷ್ಟ್ರು